ಕಾಯಿಲೆಯೊಡನೆ ಘಟ್ಟದ ದಾರಿ: ಕಾರ್ಕಳ ಸೀಮೆಯ ಚಾರಣ ಮತ್ತು ದೀರ್ಘಕಾಲಿಕ ರೋಗಗಳು

ಉಡುಪಿ ಜಿಲ್ಲೆಯ ಕಾರ್ಕಳ ಪಟ್ಟಣಕ್ಕೆ ಹೊಂದಿಕೊಂಡಿರುವ ಕುಕ್ಕುಂದೂರು ಕರಾವಳಿಯ ತಗ್ಗಿಗೂ ಪಶ್ಚಿಮ ಘಟ್ಟದ ಬುಡಕ್ಕೂ ನಡುವೆ ಇರುವ ಊರು. ಪಶ್ಚಿಮಕ್ಕೆ ಕಾಪು, ಉಡುಪಿಗಳ ಕಡಲತೀರ. ಪೂರ್ವಕ್ಕೆ ಮಾಳದ ಘಟ್ಟ. ಮಾಳದಿಂದ ಮೇಲೇರಿದ ರಸ್ತೆ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಹಾದು ಒಂದು ಕವಲಿನಲ್ಲಿ ಶೃಂಗೇರಿಗೂ ಇನ್ನೊಂದರಲ್ಲಿ ಕಳಸಕ್ಕೂ ಹೋಗುತ್ತದೆ. ಕುರಿಂಜಾಲು, ಗಂಗಡಿಕಲ್ಲು, ಕುದುರೆಮುಖ ಶಿಖರ, ಆಗುಂಬೆಯ ಬದಿಯ ನರಸಿಂಹ ಪರ್ವತ, ಕೊಲ್ಲೂರಿನ ನೆತ್ತಿಯ ಕೊಡಚಾದ್ರಿ, ಬೆಳ್ತಂಗಡಿಯ ಗಡಾಯಿಕಲ್ಲು ಇವೆಲ್ಲವೂ ಈ ಭಾಗದವರಿಗೆ ಬೆಳಿಗ್ಗೆ ಬೇಗ ಹೊರಟು ರಾತ್ರಿಯೊಳಗೆ ಮನೆ ಸೇರಬಹುದಾದ ಬೆಟ್ಟಗಳು. ಬೆಟ್ಟ ಇಷ್ಟು ಸಮೀಪದಲ್ಲಿರುವ ಕಡೆ ಅದನ್ನು ಹತ್ತುವ ಆಸೆ ಆರೋಗ್ಯವಂತ ಯುವಕರಿಗಷ್ಟೇ ಮೀಸಲಾಗಿ ಉಳಿಯುವುದಿಲ್ಲ. ಶುಗರ್ ಇರುವವರು, ಬಿಪಿ ಮಾತ್ರೆ ನುಂಗುವವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಉಬ್ಬಸದವರು, ಮಂಡಿ ಸವೆದವರು ಇವರೆಲ್ಲರಿಗೂ ಆ ಆಸೆ ಇದೆ, ಮತ್ತು ಇವರ ಸಂಖ್ಯೆ ಸಣ್ಣದಲ್ಲ.

ದೀರ್ಘಕಾಲಿಕ ಕಾಯಿಲೆ ಎಂದರೆ ಚಿಕಿತ್ಸೆಯಿಂದ ಪೂರ್ತಿ ಹೋಗಿಬಿಡದೆ, ಔಷಧ, ಆಹಾರ ಮತ್ತು ನಡವಳಿಕೆಗಳಿಂದ ಹಿಡಿತದಲ್ಲಿಟ್ಟುಕೊಂಡು ವರ್ಷಗಟ್ಟಲೆ, ಅನೇಕ ಸಲ ಬದುಕಿನುದ್ದಕ್ಕೂ, ಜೊತೆಗೆ ಬಾಳಬೇಕಾದ ರೋಗ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ಭಾರತದ ವಯಸ್ಕರಲ್ಲಿ ಶೇಕಡಾ 11.4ರಷ್ಟು ಮಂದಿಗೆ ಮಧುಮೇಹವೂ ಶೇಕಡಾ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವೂ ಇದೆಯೆಂದು ಅಂದಾಜಿಸಿತು. ಮಧುಮೇಹಿಗಳ ಸಂಖ್ಯೆಯೊಂದೇ 10 ಕೋಟಿಯನ್ನು ದಾಟುತ್ತದೆ. ಹಾಗಾಗಿ ನಲವತ್ತು ದಾಟಿದ ಹತ್ತು ಮಂದಿಯ ಒಂದು ಚಾರಣ ತಂಡದಲ್ಲಿ ಹೇಳಿಕೊಂಡೋ ಹೇಳಿಕೊಳ್ಳದೆಯೋ ಕಾಯಿಲೆಯನ್ನು ಹೊತ್ತು ನಡೆಯುವವರು ಇದ್ದೇ ಇರುತ್ತಾರೆ ಎಂದು ಭಾವಿಸುವುದೇ ಸರಿಯಾದ ಲೆಕ್ಕಾಚಾರ.

ಇಂಥವರಿಗೆ ಎರಡು ಕಡೆಯಿಂದ ಎರಡು ಬಗೆಯ ಮಾತು ಕೇಳಿಬರುತ್ತದೆ. ವೈದ್ಯರು ದಿನವೂ ನಡೆಯಿರಿ ಎನ್ನುತ್ತಾರೆ. ಮನೆಯವರು ಈ ವಯಸ್ಸಿನಲ್ಲಿ ಗುಡ್ಡೆ ಹತ್ತುವ ರಗಳೆ ಯಾಕೆ ಎನ್ನುತ್ತಾರೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ಬಳಿಕ ಕರ್ನಾಟಕದಲ್ಲಿ ದೇಹಶ್ರಮದ ಬಗೆಗೇ ಒಂದು ಅಂಜಿಕೆ ಹಬ್ಬಿತು, ಹೃದಯ ತಪಾಸಣೆಗೆ ಆಸ್ಪತ್ರೆಗಳ ಮುಂದೆ ಸಾಲು ಬೆಳೆಯಿತು. ತಪಾಸಣೆ ಮಾಡಿಸಿಕೊಳ್ಳುವ ಅಭ್ಯಾಸ ಒಳ್ಳೆಯದೇ. ಆದರೆ ಶ್ರಮವೇ ಶತ್ರುವೆಂಬ ತೀರ್ಮಾನಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಹತ್ತಬಹುದೇ ಬಾರದೇ ಎಂದು ಒಂದೇ ಮಾತಿನಲ್ಲಿ ಕೇಳಿದರೆ ಉತ್ತರ ಸಿಗದು. ಯಾವ ಕಾಯಿಲೆ, ಎಂಥ ಹಿಡಿತದಲ್ಲಿದೆ, ಯಾವ ಮಾತ್ರೆ, ಯಾವ ಬೆಟ್ಟ, ಯಾವ ತಿಂಗಳು, ಯಾರ ಜೊತೆ, ರಸ್ತೆಯಿಂದ ಎಷ್ಟು ದೂರ ಎಂದು ಬಿಡಿಸಿ ಕೇಳಿದಾಗ ಮಾತ್ರ ಉಪಯೋಗಕ್ಕೆ ಬರುವ ಉತ್ತರ ದೊರಕುತ್ತದೆ.

ರೋಗಿಯನ್ನು ನಡೆಸಬೇಕೋ ಮಲಗಿಸಬೇಕೋ ಎಂಬ ವಾದ ಹಳೆಯದು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನವು ಪ್ರಮೇಹದ ರೋಗಿಗೆ, ಅದರಲ್ಲೂ ಬಡವನಾದವನಿಗೆ, ಕೊಡೆ ಪಾದರಕ್ಷೆಗಳಿಲ್ಲದೆ ನೂರು ಯೋಜನ ನಡೆಯುವುದನ್ನೂ ಬಾವಿ ತೋಡುವುದನ್ನೂ ಚಿಕಿತ್ಸೆಯಾಗಿ ವಿಧಿಸುತ್ತದೆ. ಪ್ರಮೇಹವೆಂದರೆ ಇಂದಿನ ಮಧುಮೇಹವನ್ನೂ ಒಳಗೊಂಡ ಮೂತ್ರಸಂಬಂಧಿ ರೋಗಗಳ ಗುಂಪು. ಅದೇ ಪರಂಪರೆ ವ್ಯಾಯಾಮಕ್ಕೆ ಗಡಿಯನ್ನೂ ಹಾಕಿತು: ತನ್ನ ಬಲದ ಅರ್ಧದಷ್ಟನ್ನು ಮಾತ್ರ ವ್ಯಯಿಸಬೇಕು, ಬಾಯಿಂದ ಉಸಿರೆಳೆಯಬೇಕಾಗಿ ಬಂದರೆ ಆ ಅರ್ಧ ಮುಗಿಯಿತೆಂದು ತಿಳಿಯಬೇಕು. ಪಾದರಕ್ಷೆಯಿಲ್ಲದೆ ನಡೆಯುವ ಸಲಹೆಯನ್ನು ಇಂದು ಯಾವ ಮಧುಮೇಹಿಯೂ ಪಾಲಿಸಬಾರದು, ಆದರೆ ಅರ್ಧಬಲದ ನಿಯಮ ಮಾತ್ರ ಈಗಲೂ ಮಾಸಿಲ್ಲ. ಯುರೋಪಿನಲ್ಲಿ 1880ರ ದಶಕದಲ್ಲಿ ಮ್ಯೂನಿಕ್‌ನ ವೈದ್ಯ ಮ್ಯಾಕ್ಸ್ ಜೋಸೆಫ್ ಏರ್ಟೆಲ್ ಹೃದ್ರೋಗಿಗಳಿಗೆ ಹಂತಹಂತವಾಗಿ ಕಡಿದಾಗುತ್ತ ಹೋಗುವ ಬೆಟ್ಟದ ದಾರಿಗಳಲ್ಲಿ ನಡಿಗೆಯನ್ನೇ ಔಷಧವಾಗಿ ಬರೆದುಕೊಟ್ಟ. ಇದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಂಥ ಬೆಟ್ಟದೂರುಗಳಿಗೂ, ಮುಂದೆ ಆಂಧ್ರದ ಮದನಪಲ್ಲಿಯಲ್ಲಿ 1915ರಲ್ಲಿ ತೆರೆದ ಆರೋಗ್ಯವರಂ ಕ್ಷಯ ಆಸ್ಪತ್ರೆಗೂ ಹೋದ ರೋಗಿಗಳಿಗೆ ಎತ್ತರದ ತಂಪು ಗಾಳಿಯಲ್ಲಿ ವಿಶ್ರಾಂತಿಯೇ ಮುಖ್ಯ ಚಿಕಿತ್ಸೆಯಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡುತ್ತಿರಲಿಲ್ಲ. 1952ರಲ್ಲಿ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ಎಂಬ ಅಮೆರಿಕದ ವೈದ್ಯರು ಅಂಥವರನ್ನು ಕುರ್ಚಿಯಲ್ಲಿ ಕೂರಿಸಿದ್ದೇ ಆಗ ದೊಡ್ಡ ಧೈರ್ಯವೆನಿಸಿತ್ತು. ಈ ಹಿನ್ನೆಲೆ ತಿಳಿದರೆ ಮನೆಯ ಹಿರಿಯರ ಎಚ್ಚರಿಕೆಯನ್ನು ಅಜ್ಞಾನವೆಂದು ತಳ್ಳಿಹಾಕಲಾಗುವುದಿಲ್ಲ. ಅವರ ಬಾಲ್ಯದಲ್ಲಿ ವೈದ್ಯರೇ ಹಾಗೆ ಹೇಳುತ್ತಿದ್ದರು.

ಇಂದು ಪತ್ರಿಕೆಗಳಲ್ಲಿ ಓದಲು ಸಿಗುವ ಕಥೆಗಳು ಇದರ ಇನ್ನೊಂದು ತುದಿಯವು. ಒಂದನೇ ಬಗೆಯ ಮಧುಮೇಹವಿದ್ದ, ಅಂದರೆ ದೇಹದಲ್ಲಿ ಇನ್ಸುಲಿನ್ ಉತ್ಪತ್ತಿಯೇ ನಿಂತುಹೋಗಿದ್ದ, ಆಸ್ಟ್ರಿಯದ ಗೆರಿ ವಿಂಕ್ಲರ್ 2006ರಲ್ಲಿ ಎವರೆಸ್ಟ್ ಏರಿದರು. ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲಿರೋಸಿಸ್ ಇದ್ದ ಅಮೆರಿಕದ ಲೋರಿ ಶ್ನೈಡರ್ 2009ರಲ್ಲಿ ಅದೇ ಶಿಖರವನ್ನು ಮುಟ್ಟಿದರು. 1995ರಲ್ಲಿ ಬೇರೊಬ್ಬರ ಹೃದಯವನ್ನು ಕಸಿ ಮಾಡಿಸಿಕೊಂಡ ಕೆಲ್ಲಿ ಪರ್ಕಿನ್ಸ್ ಮುಂದೆ ಕಿಲಿಮಂಜಾರೊ, ಮ್ಯಾಟರ್‌ಹಾರ್ನ್‌ಗಳನ್ನು ಹತ್ತಿದರು. ಇವು ನಿಜವಾದ ಸಾಧನೆಗಳು. ಆದರೆ ಇವನ್ನು ಕುಕ್ಕುಂದೂರಿನ ಗೃಹಿಣಿಗೋ ಬೆಳ್ಮಣ್ಣಿನ ನಿವೃತ್ತ ಶಿಕ್ಷಕರಿಗೋ ಮಾದರಿಯಾಗಿ ತೋರಿಸುವುದರಲ್ಲಿ ಅನ್ಯಾಯವಿದೆ. ರೋಗದ ಮೇಲೆ ಜಯ ಎಂಬ ಮಾತಿನ ಅಮಲಿನಲ್ಲಿ ಅರ್ಧ ದಾರಿಯಿಂದ ಹಿಂದಿರುಗಿದವರು ಸೋತವರಂತೆ ಕಾಣುತ್ತಾರೆ, ಆದರೆ ಕಾಯಿಲೆಯಿರುವವರ ಚಾರಣದಲ್ಲಿ ಹಿಂದಿರುಗುವ ಸ್ವಾತಂತ್ರ್ಯವೇ ಎಲ್ಲಕ್ಕಿಂತ ದೊಡ್ಡ ರಕ್ಷಣೆ.

ಆ ಕಥೆಗಳು ಇಲ್ಲಿಗೆ ಹೊಂದದಿರಲು ಭೌಗೋಳಿಕ ಕಾರಣವೂ ಇದೆ. ಬೆಟ್ಟ ಮತ್ತು ರೋಗದ ಬಗೆಗಿನ ಜಗತ್ತಿನ ಬರಹ ಬಹುಪಾಲು ಹಿಮಾಲಯ, ಆಲ್ಪ್ಸ್‌ಗಳದು, ಅಂದರೆ ತೆಳುವಾದ ಗಾಳಿ ಮತ್ತು ಚಳಿಯದು. ಎತ್ತರದ ಬೇನೆ ಸಾಮಾನ್ಯವಾಗಿ ತೊಡಗುವುದು 2,500 ಮೀಟರ್‌ಗಳ ಆಚೆಗೆ. ಕುದುರೆಮುಖದ ಎತ್ತರ 1,892 ಮೀಟರ್, ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930, ಕೊಡಚಾದ್ರಿ 1,343, ನರಸಿಂಹ ಪರ್ವತ 1,152. ಕುದುರೆಮುಖದ ನೆತ್ತಿಯಲ್ಲೂ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಐದರಲ್ಲಿ ನಾಲ್ಕು ಪಾಲಿನಷ್ಟಿರುತ್ತದೆ. ತೀವ್ರವಾದ ಶ್ವಾಸಕೋಶದ ಕಾಯಿಲೆಯವರನ್ನು ಬಿಟ್ಟರೆ ಈ ಕೊರತೆ ಯಾರನ್ನೂ ಅಷ್ಟಾಗಿ ಬಾಧಿಸದು. ಇಲ್ಲಿನ ಅಪಾಯ ಬೇರೆಯದೇ ಬಗೆಯದು: ಸೆಕೆ, ತೇವ, ಬೆವರು ಮತ್ತು ದೂರ. ಕರಾವಳಿ ಬದಿಯ ಕಾಡಿನೊಳಗೆ ಗಾಳಿಯಾಡುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರದೆ ಮೈಮೇಲೆಯೇ ಹರಿದುಹೋಗುತ್ತದೆ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ಮೈ ತಣಿಯದಿದ್ದರೆ ಹೃದಯ ಸ್ನಾಯುಗಳಿಗಲ್ಲದೆ ಚರ್ಮಕ್ಕೂ ಹೆಚ್ಚು ರಕ್ತ ಹರಿಸಬೇಕಾಗುತ್ತದೆ. ಕಡಿದಾದ ಏರಿನಲ್ಲಿ ಗಂಟೆಗೆ ಒಂದು ಲೀಟರಿನಷ್ಟು ನೀರು ಬೆವರಾಗಿ ಹೋಗುವುದು ಅಪರೂಪವಲ್ಲ, ಅದರೊಡನೆ ಉಪ್ಪೂ ಹೋಗುತ್ತದೆ. ಕಾಡು ದಾಟಿ ಶೋಲೆ ಕಾಡಿನಂಚಿನ ಹುಲ್ಲುಗಾವಲಿಗೆ ಬಂದಾಗ ನೆರಳೇ ಇರುವುದಿಲ್ಲ. ಮಂಜು ಮುಸುಕಿದರೆ ಅದೇ ಜಾಗದಲ್ಲಿ, ಕರಾವಳಿಗಿಂತ ಹತ್ತು ಹನ್ನೆರಡು ಡಿಗ್ರಿ ಕಡಿಮೆಯ ಗಾಳಿಗೆ ಒದ್ದೆ ಅಂಗಿ ತಣ್ಣಗೆ ಅಂಟಿಕೊಳ್ಳುತ್ತದೆ.

ಮಧುಮೇಹದ ವಿಷಯ ಇಲ್ಲಿ ಎಲ್ಲಕ್ಕಿಂತ ವಿಸ್ತಾರವಾದದ್ದು. ದುಡಿಯುವ ಸ್ನಾಯು ಇನ್ಸುಲಿನ್ನಿನ ಸಹಾಯವಿಲ್ಲದೆಯೂ ರಕ್ತದಿಂದ ಸಕ್ಕರೆಯನ್ನು ಹೀರಿಕೊಳ್ಳಬಲ್ಲದು; ನಡಿಗೆ ಮಧುಮೇಹಕ್ಕೆ ಒಳ್ಳೆಯದಾಗಿರುವುದೂ ಇದರಿಂದಲೇ, ಅಪಾಯ ತರುವುದೂ ಇದರಿಂದಲೇ. ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ, ಹಾಗೆಯೇ ಗ್ಲಿಮೆಪಿರೈಡ್, ಗ್ಲೈಬೆನ್‌ಕ್ಲಮೈಡ್‌ನಂಥ ಇನ್ಸುಲಿನ್ ಸ್ರಾವವನ್ನು ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ದೀರ್ಘ ನಡಿಗೆಯಿಂದ ಸಕ್ಕರೆ ತೀರ ಇಳಿದುಬಿಡಬಹುದು. ಡೆಸಿಲೀಟರ್ ರಕ್ತದಲ್ಲಿ 70 ಮಿಲಿಗ್ರಾಂಗಿಂತ ಕೆಳಗಿಳಿದ ಈ ಸ್ಥಿತಿಗೆ ಜನ ಲೋ ಶುಗರ್ ಎನ್ನುತ್ತಾರೆ. ಕೈನಡುಕ, ಬೆವರು, ಸಿಟ್ಟು, ಮಂಕು ಇದರ ಗುರುತುಗಳು. ಬೆಟ್ಟದಲ್ಲಿ ಇವೆಲ್ಲವೂ ಆಯಾಸದ ಗುರುತುಗಳಂತೆಯೇ ಕಾಣುತ್ತವೆ, ತೊಡಕಿರುವುದು ಅಲ್ಲಿಯೇ. ಬರೀ ಮೆಟ್‌ಫಾರ್ಮಿನ್ ಮೇಲಿರುವವರಲ್ಲಿ ಇದು ವಿರಳ. ನಡಿಗೆ ಮುಗಿದ ಮೇಲೂ ಅಪಾಯ ತೀರುವುದಿಲ್ಲ, ಏಕೆಂದರೆ ಬರಿದಾದ ಸ್ನಾಯುಗಳು ತಮ್ಮ ದಾಸ್ತಾನು ತುಂಬಿಕೊಳ್ಳಲು ರಾತ್ರಿಯಿಡೀ ರಕ್ತದ ಸಕ್ಕರೆಯನ್ನು ಎಳೆಯುತ್ತಿರುತ್ತವೆ. ಚಾರಣದ ರಾತ್ರಿ ಮನೆಯಲ್ಲಿ ಗಾಢವಾಗಿ ನಿದ್ದೆ ಹೋದಾಗ ಬೀಳುವ ಲೋ ಶುಗರ್ ಬೆಟ್ಟದ ಮೇಲಿನದಕ್ಕಿಂತ ಹೆಚ್ಚು ಮೋಸದ್ದು.

ಹೊರಡುವ ಮುನ್ನ ಸಕ್ಕರೆ 126ರಿಂದ 180ರ ನಡುವೆ ಇರುವುದು ಒಳ್ಳೆಯದೆಂದೂ, 90ಕ್ಕಿಂತ ಕಡಿಮೆಯಿದ್ದರೆ ಮೊದಲು ತಿಂದು ಹೊರಡಬೇಕೆಂದೂ, 270 ದಾಟಿದ್ದರೆ ಕೀಟೋನ್ ಎಂಬ ಆಮ್ಲೀಯ ವಸ್ತು ಸೇರಿಕೊಂಡಿದೆಯೇ ಎಂದು ನೋಡಬೇಕೆಂದೂ ಒಂದನೇ ಬಗೆಯ ಮಧುಮೇಹಿಗಳ ವ್ಯಾಯಾಮದ ಕುರಿತ 2017ರ ಅಂತಾರಾಷ್ಟ್ರೀಯ ತಜ್ಞರ ಒಮ್ಮತ ಹೇಳುತ್ತದೆ. ಲೋ ಆದಾಗ 15 ಗ್ರಾಂ ಸಕ್ಕರೆ, ಅಂದರೆ ಮೂರು ಚಮಚ ಗ್ಲೂಕೋಸ್ ಪುಡಿ, ತೆಗೆದುಕೊಂಡು 15 ನಿಮಿಷ ಕುಳಿತು ಮತ್ತೆ ಪರೀಕ್ಷಿಸುವುದು ಎಲ್ಲೆಡೆ ಒಪ್ಪಿತವಾದ ಕ್ರಮ. ಬಂದವರಿಗೆ ಬೆಲ್ಲ ನೀರು ಕೊಡುವ ಈ ಸೀಮೆಯ ಪದ್ಧತಿಯ ಬೆಲ್ಲವೂ ಇಲ್ಲಿ ನೆರವಿಗೆ ಬರುತ್ತದೆ, ಆದರೆ ಗ್ಲೂಕೋಸ್ ಪುಡಿ ಅದಕ್ಕಿಂತ ಬೇಗ ರಕ್ತ ಸೇರುತ್ತದೆ. ಪರೀಕ್ಷೆಯಲ್ಲೂ ಒಂದು ಸೂಕ್ಷ್ಮವಿದೆ. ಕಿತ್ತಳೆ ಸುಲಿದ ಅಥವಾ ಬೆಲ್ಲ ಮುರಿದ ಬೆರಳನ್ನು ತೊಳೆಯದೆ ಚುಚ್ಚಿ ಗ್ಲೂಕೋಮೀಟರಿಗೆ ರಕ್ತ ತಾಗಿಸಿದರೆ ಚರ್ಮಕ್ಕಂಟಿದ ಸಕ್ಕರೆಯೇ ಓದಿನಲ್ಲಿ ಸೇರಿ, 60 ಇರುವ ಕಡೆ 150 ತೋರಿಸಬಹುದು. ತೊಳೆದ ಬೆರಳನ್ನು ಒರೆಸದೆ ಚುಚ್ಚಿದರೆ ನೀರು ಬೆರೆತು ಓದು ತಪ್ಪಾಗಿ ಇಳಿಯುತ್ತದೆ. ಒಣಬಟ್ಟೆಯ ಒಂದು ತುಂಡು, ಕೈ ತೊಳೆಯುವಷ್ಟು ನೀರು ಹಾಗೂ ಮಂಜಿನ ತೇವ ತಾಗದಂತೆ ಬಿಗಿಯಾಗಿ ಮುಚ್ಚಿದ ಸ್ಟ್ರಿಪ್ ಡಬ್ಬಿ ಇವು ಮಧುಮೇಹಿಯ ಚೀಲದಲ್ಲಿ ಮೇಲ್ಭಾಗದಲ್ಲೇ ಇರಬೇಕು. ಬಳಸುತ್ತಿರುವ ಇನ್ಸುಲಿನ್ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಕೆಡದೆ ಉಳಿಯುತ್ತದೆ, ಆದರೆ ಘಟ್ಟದ ಬುಡದಲ್ಲಿ ನಿಲ್ಲಿಸಿದ ಕಾರಿನೊಳಗೆ ಅದು ಬಿಸಿಗೆ ಕೆಡಬಹುದು. ಒದ್ದೆ ಬಟ್ಟೆಯ ತಂಪಿನಲ್ಲಿಟ್ಟು ಜೊತೆಯಲ್ಲೇ ಒಯ್ಯುವುದು ಕ್ಷೇಮ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಹೊಸ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ ನೀರನ್ನೂ ಕಳೆಯುತ್ತವೆ, ಉಪವಾಸ ಮತ್ತು ಬೆವರು ಸೇರಿದರೆ ರಕ್ತ ಆಮ್ಲೀಯವಾಗುವ ಗಂಭೀರ ಸ್ಥಿತಿಗೂ ಒಯ್ಯಬಲ್ಲವು. ಏಕಾದಶಿಯ ಉಪವಾಸವನ್ನೂ ರಂಜಾನಿನ ಉಪವಾಸವನ್ನೂ ಚಾರಣದೊಡನೆ ಸೇರಿಸಬಾರದು ಎನ್ನುವುದಕ್ಕೆ ಈ ಮಾತ್ರೆಗಳೊಂದೇ ಸಾಕಷ್ಟು ಕಾರಣ.

ಪಾದದ ಮಾತು ಬೇರೆಯಾಗಿ ಹೇಳಬೇಕಾದದ್ದು. ಬಹುಕಾಲದ ಮಧುಮೇಹದಿಂದ ಪಾದದ ನರಗಳು ಮಂಕಾದವರಿಗೆ ಬೂಟಿನೊಳಗೆ ಹೊಕ್ಕ ಮರಳಿನ ಕಣವೂ ಹೆಬ್ಬೆರಳ ಮೇಲೆ ಎದ್ದ ಬೊಬ್ಬೆಯೂ ತಿಳಿಯುವುದಿಲ್ಲ. ಹಳ್ಳ ದಾಟಿ ಒದ್ದೆಯಾದ ಕಾಲುಚೀಲದಲ್ಲೇ ಮೂರು ಗಂಟೆ ಇಳಿದವರು ಮನೆಗೆ ಬಂದು ಚೀಲ ಕಳಚುವಾಗ ನೋಡುವುದು ನೋವಿಲ್ಲದ ಹುಣ್ಣನ್ನು, ಮತ್ತು ಮಧುಮೇಹದಲ್ಲಿ ಕಾಲು ಕತ್ತರಿಸಬೇಕಾಗಿ ಬರುವ ಅನೇಕ ಪ್ರಕರಣಗಳ ಆರಂಭ ಇಂಥದೇ ಸಣ್ಣ ಹುಣ್ಣು. ನಡುದಾರಿಯಲ್ಲಿ ಒಮ್ಮೆಯಾದರೂ ಕುಳಿತು, ಬೂಟು ಬಿಚ್ಚಿ, ಬೆರಳ ಸಂದುಗಳನ್ನು ಕಣ್ಣಾರೆ ನೋಡಿ, ಒಣ ಚೀಲ ಹಾಕಿಕೊಳ್ಳುವುದು ಇವರಿಗೆ ಶಿಖರ ಮುಟ್ಟುವುದಕ್ಕಿಂತ ಮುಖ್ಯವಾದ ಕೆಲಸ.

ರಕ್ತದೊತ್ತಡದವರ ತೊಂದರೆ ಹೆಚ್ಚಾಗಿ ಬರುವುದು ಒತ್ತಡದಿಂದಲ್ಲ, ಅದಕ್ಕೆ ತೆಗೆದುಕೊಳ್ಳುವ ಮಾತ್ರೆಗಳು ಬೆವರಿನೊಡನೆ ಸೇರುವುದರಿಂದ. ಮೂತ್ರವನ್ನು ಹೆಚ್ಚಿಸಿ ಒತ್ತಡ ಇಳಿಸುವ ಮಾತ್ರೆಗಳು ಬೆವರುವ ದಿನ ನೀರು ಮತ್ತು ಲವಣಗಳನ್ನು ಇನ್ನಷ್ಟು ಕಳೆಯುತ್ತವೆ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬೀಟಾ ತಡೆ ಮಾತ್ರೆಗಳು ನಾಡಿಬಡಿತವನ್ನು ಏರಗೊಡುವುದಿಲ್ಲ, ಹಾಗಾಗಿ ಕೈಗಡಿಯಾರದಲ್ಲಿ ನಾಡಿ ನೋಡಿ ಶ್ರಮವನ್ನು ಅಳೆಯುವವರು ಮೋಸಹೋಗುತ್ತಾರೆ. ಲೋ ಶುಗರಿನ ನಡುಕವನ್ನೂ ಎದೆಬಡಿತವನ್ನೂ ಇವು ಮರೆಮಾಚುತ್ತವೆ, ಬೆವರೊಂದು ಮಾತ್ರ ಉಳಿಯುತ್ತದೆ. ಎಲ್ಲಕ್ಕಿಂತ ಕಡಿಮೆ ತಿಳಿದಿರುವ ಅಪಾಯವೆಂದರೆ ಇಳಿಜಾರಿನ ಮಂಡಿನೋವಿಗೆ ಯಾರೋ ಕೊಟ್ಟ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಮಾತ್ರೆ. ಟೆಲ್ಮಿಸಾರ್ಟನ್ ಜಾತಿಯ ಒತ್ತಡದ ಮಾತ್ರೆ, ಮೂತ್ರದ ಮಾತ್ರೆ ಮತ್ತು ಈ ನೋವಿನ ಮಾತ್ರೆ ಮೂರೂ ನೀರಿಲ್ಲದ ದೇಹದಲ್ಲಿ ಕೂಡಿದರೆ ಮೂತ್ರಪಿಂಡಗಳು ಒಂದೆರಡು ದಿನದಲ್ಲೇ ಕೆಡಬಹುದು. ಚಾರಣ ತಂಡಗಳ ಔಷಧ ಪೆಟ್ಟಿಗೆಯಲ್ಲಿ ನೋವಿನ ಮಾತ್ರೆ ಕೈಗೆ ಸಿಗುವಂತೆ ಇರುತ್ತದೆ, ಕೊಡುವ ಮುನ್ನ ಬಿಪಿ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳುವ ರೂಢಿ ಮಾತ್ರ ಇಲ್ಲ. ಆ ಒಂದು ಪ್ರಶ್ನೆ ರೂಢಿಗೆ ಬರಬೇಕು.

ಬೆಟ್ಟದ ನಡಿಗೆ ಮತ್ತು ಹೃದ್ರೋಗದ ಬಗೆಗೆ ಮಹತ್ವದ ತಿಳಿವಳಿಕೆ ಬಂದಿರುವುದು ಆಸ್ಟ್ರಿಯದಿಂದ. ಇನ್ಸ್‌ಬ್ರುಕ್‌ನ ಮಾರ್ಟಿನ್ ಬುರ್ಚರ್ ಆಲ್ಪ್ಸ್ ಪರ್ವತಗಳಲ್ಲಿ ನಡಿಗೆಯ ವೇಳೆ ನಡೆದ ಹಠಾತ್ ಹೃದಯ ಸಾವುಗಳನ್ನು ದಶಕಗಳ ಕಾಲ ಅಭ್ಯಸಿಸಿದರು. ಹಿಂದೆ ಹೃದಯಾಘಾತವಾಗಿದ್ದ, ರೂಢಿಯಿಲ್ಲದೆ ಒಮ್ಮೆಲೇ ಬೆಟ್ಟಕ್ಕೆ ಬಂದ ಮಧ್ಯವಯಸ್ಸಿನ ಗಂಡಸರಲ್ಲಿ, ಅದರಲ್ಲೂ ಮೊದಲ ದಿನದ ಮಧ್ಯಾಹ್ನಕ್ಕೆ ಮುಂಚಿನ ಹೊತ್ತಿನಲ್ಲಿ, ಬಹಳ ಹೊತ್ತಿನಿಂದ ತಿನ್ನದೆ ಕುಡಿಯದೆ ನಡೆದಾಗ ಅಪಾಯ ಹೆಚ್ಚೆಂದೂ, ನಿಯಮಿತವಾಗಿ ಬೆಟ್ಟ ನಡೆಯುವವರಲ್ಲಿ ಅದು ಗಣನೀಯವಾಗಿ ಕಡಿಮೆಯೆಂದೂ ಅವರ ಬರಹಗಳು ತೋರಿಸಿದವು. ಈ ವಿವರಗಳು ಕರಾವಳಿಯ ಭಾನುವಾರದ ಚಾರಣಿಗನ ಚಿತ್ರವನ್ನೇ ಬರೆದಂತಿವೆ: ವಾರವಿಡೀ ಕುಳಿತ ಕೆಲಸ, ಶನಿವಾರ ರಾತ್ರಿ ಅರೆನಿದ್ದೆ, ಬೆಳಗಿನ ಜಾವ ಬರೀ ಚಹಾ ಕುಡಿದು ಪ್ರಯಾಣ, ಹತ್ತು ಗಂಟೆಯ ಬಿಸಿಲಿಗೆ ಅತಿ ಕಡಿದಾದ ಏರು.

ಕನ್ನಡಿಗ ಹೃದ್ರೋಗಿಗಳಲ್ಲಿ ಅನೇಕರು ಬೆಟ್ಟ ಹತ್ತುವುದು ಚಾರಣವೆಂಬ ಹೆಸರಿನಲ್ಲಲ್ಲ, ಯಾತ್ರೆಯ ಹೆಸರಿನಲ್ಲಿ. ಶಬರಿಮಲೆಗೆ ಹೋಗುವ ಕರ್ನಾಟಕದ ಭಕ್ತರಲ್ಲಿ ಶುಗರ್, ಬಿಪಿ ಇರುವವರನ್ನು ಪ್ರತ್ಯೇಕಿಸಿ ಎಣಿಸುವುದೇ ಕಷ್ಟ. ಅಲ್ಲಿ ಪಂಪೆಯಿಂದ ಸನ್ನಿಧಾನದವರೆಗಿನ ಏರುದಾರಿಯಲ್ಲಿ ಕೇರಳದ ಆರೋಗ್ಯ ಇಲಾಖೆ ತುರ್ತು ಚಿಕಿತ್ಸಾ ಕೇಂದ್ರಗಳನ್ನೂ, ನೀಲಿಮಲ ಮತ್ತು ಅಪ್ಪಾಚಿಮೇಡುಗಳಲ್ಲಿ ಹೃದಯ ಚಿಕಿತ್ಸಾ ಕೇಂದ್ರಗಳನ್ನೂ ನಡೆಸುತ್ತದೆ. 3,888 ಮೀಟರ್ ಎತ್ತರದ ಅಮರನಾಥಕ್ಕೆ ಆರೋಗ್ಯ ಪ್ರಮಾಣಪತ್ರವಿಲ್ಲದೆ ಬಿಡುವುದಿಲ್ಲ. ರೋಗಿಗಳು ಬೆಟ್ಟ ಹತ್ತಿಯೇ ಹತ್ತುತ್ತಾರೆ ಎಂದು ಒಪ್ಪಿಕೊಂಡ ಆಡಳಿತ ಏನೇನು ಮಾಡಬಹುದೆಂಬುದಕ್ಕೆ ಇವು ನಿದರ್ಶನ.

ಇಳಿಯುವುದರ ಬಗೆಗೆ ಆಸ್ಟ್ರಿಯದ ಇನ್ನೊಬ್ಬ ವೈದ್ಯ ಹೈಂಜ್ ಡ್ರೆಕ್ಸೆಲ್ ಕುತೂಹಲದ ಪ್ರಯೋಗ ನಡೆಸಿದರು. ಕೇಬಲ್ ಕಾರಿನ ಸಹಾಯದಿಂದ ಜನರನ್ನು ಕೆಲವು ವಾರ ಹತ್ತುವುದಕ್ಕೆ ಮಾತ್ರವೂ ಕೆಲವು ವಾರ ಇಳಿಯುವುದಕ್ಕೆ ಮಾತ್ರವೂ ನಡೆಸಿದಾಗ, ಹತ್ತುವುದರಿಂದ ರಕ್ತದ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಇಳಿಯಿತು, ಇಳಿಯುವುದರಿಂದ ಸಕ್ಕರೆಯನ್ನು ಅರಗಿಸುವ ಶಕ್ತಿ ಸುಧಾರಿಸಿತು. ಹೃದಯಕ್ಕೆ ಇಳಿಜಾರು ಹಗುರ, ಮಂಡಿಗೆ ಮಾತ್ರ ಭಾರ: ಪ್ರತಿ ಹೆಜ್ಜೆಗೂ ದೇಹದ ತೂಕದ ಹಲವು ಪಟ್ಟು ಹೊರೆ ಮಂಡಿಯ ಮೇಲೆ ಬೀಳುತ್ತದೆ. ಸಾವಿರದೆಂಟುನೂರಕ್ಕೂ ಮಿಕ್ಕಿದ ಮೆಟ್ಟಿಲುಗಳಿರುವ ಗಡಾಯಿಕಲ್ಲು ಮಂಡಿ ಸವೆದವರಿಗೆ ಇಳಿಯುವಾಗಲೇ ಕಾಡುತ್ತದೆ. ಎರಡು ಕೈಗೂ ಊರುಗೋಲು ಹಿಡಿದರೆ ಹೊರೆಯ ಒಂದು ಪಾಲು ತೋಳಿಗೆ ಹೋಗುತ್ತದೆ.

ಉಬ್ಬಸದವರು ನಡಿಗೆಗೆ ಹತ್ತು ಹದಿನೈದು ನಿಮಿಷ ಮುಂಚೆ ವೈದ್ಯರು ಹೇಳಿದ ಇನ್‌ಹೇಲರ್ ಎಳೆದುಕೊಂಡು, ಅದನ್ನು ಚೀಲದಲ್ಲಲ್ಲ, ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡರೆ ಬಹುಪಾಲು ಬೆಟ್ಟಗಳು ಅವರಿಗೆ ತೆರೆದೇ ಇವೆ. ಮೂರ್ಛೆ ರೋಗದವರು ಬಂಡೆಯಂಚಿನ ದಾರಿಗಳನ್ನು ಬಿಡಬೇಕು, ಒಬ್ಬರೇ ಹೋಗಬಾರದು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರಿಗೆ ಮಳೆಗಾಲದ ಇಂಬಳಗಳ ಕಾಟ ಬರೀ ಕಿರಿಕಿರಿಯಲ್ಲ, ಇಂಬಳದ ಎಂಜಲಿನಲ್ಲೇ ರಕ್ತ ಹೆಪ್ಪುಗಟ್ಟಗೊಡದ ವಸ್ತುವಿರುವುದರಿಂದ ಕಡಿದ ಗಾಯ ಗಂಟೆಗಟ್ಟಲೆ ಒಸರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಉಣುಗುಗಳಿಂದ ಹರಡುವಂಥದು, ಮಳೆಯಿಲ್ಲದ ತಿಂಗಳುಗಳಲ್ಲಿ ಮಲೆನಾಡಿನಲ್ಲಿ ಇಂದಿಗೂ ಕಾಣಿಸುತ್ತದೆ. ಕಾಡು ನಡೆದ ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋದ ಸಂಗತಿಯನ್ನು ವೈದ್ಯರಿಗೆ ಹೇಳಲೇಬೇಕು.

ಇಷ್ಟೆಲ್ಲ ಎಚ್ಚರಿಕೆಯ ಬೆಲೆ ತಿಳಿಯುವುದು ದೂರವನ್ನು ಲೆಕ್ಕ ಹಾಕಿದಾಗ. ಕುದುರೆಮುಖ ಶಿಖರದ ದಾರಿ ಹೊರಡುವುದು ಕಳಸದ ಬದಿಯ ಮುಳ್ಳೋಡಿಯಿಂದ. ಅಲ್ಲಿಗೇ ಜೀಪು ಬೇಕು, ಅಲ್ಲಿಂದ ಶಿಖರಕ್ಕೆ ಹೋಗಿಬರುವ ನಡಿಗೆ ಸುಮಾರು 20 ಕಿಲೋಮೀಟರ್. ಎದೆನೋವು ಬಂದವರನ್ನು ಹೊತ್ತು ತರಲು ಗಂಟೆಗಳೇ ಹಿಡಿಯುತ್ತವೆ. 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್ ರಸ್ತೆಯವರೆಗೆ ಮಾತ್ರ ಬರಬಲ್ಲದು, ಅದನ್ನು ಕರೆಯಲು ಬೇಕಾದ ಮೊಬೈಲ್ ಸಂಕೇತ ಘಟ್ಟದ ಬಹುಭಾಗದಲ್ಲಿ ಸಿಗುವುದಿಲ್ಲ, ಹೊರದೇಶಗಳ ಚಾರಣಿಗರು ನೆಚ್ಚುವ ಉಪಗ್ರಹ ಸಂದೇಶ ಸಾಧನಗಳನ್ನು ಭಾರತದಲ್ಲಿ ಸರ್ಕಾರದ ಪರವಾನಗಿಯಿಲ್ಲದೆ ಬಳಸುವಂತಿಲ್ಲ. ರಸ್ತೆ ಸೇರಿದ ಮೇಲಿನ ಸ್ಥಿತಿ ಇದಕ್ಕಿಂತ ಎಷ್ಟೋ ಉತ್ತಮ. 1953ರಲ್ಲಿ ಆರಂಭವಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಈ ಇಡೀ ಸೀಮೆಗೆ ಆಸರೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಒದಗಿಸಿ, ಅದರ ಪಟ್ಟಿಯನ್ನು ಮೊಬೈಲಿನಲ್ಲಿ ತಜ್ಞರಿಗೆ ಕಳಿಸಿ ಸಲಹೆ ಪಡೆಯುವ ವ್ಯವಸ್ಥೆಯನ್ನು ಕಟ್ಟಿದ್ದಾರೆ. ಹೃದಯಾಘಾತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ತಾಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡುವ ಸರ್ಕಾರದ ಯೋಜನೆಗೆ ಪುನೀತ್ ರಾಜ್‌ಕುಮಾರ್ ಅವರ ಹೆಸರನ್ನೇ ಇಡಲಾಗಿದೆ.

ದೂರದ ಈ ಲೆಕ್ಕ ಘಟ್ಟದೊಳಗೇ ಮನೆಯಿರುವವರಿಗೆ ದಿನನಿತ್ಯದ್ದು ಎಂಬುದನ್ನು ಚಾರಣದ ಬರಹಗಳು ಮರೆಯುತ್ತವೆ. ಕುದುರೆಮುಖ ಉದ್ಯಾನದ ಅಂಚಿನಲ್ಲೂ ಒಳಗೂ ಬಾಳುವ ಮಲೆಕುಡಿಯರಿಗೆ ಗುಡ್ಡೆ ಹತ್ತುವುದು ಹವ್ಯಾಸವಲ್ಲ. ಪಡಿತರಕ್ಕೂ ಬಿಪಿ ಮಾತ್ರೆಗೂ ಅವರು ಅದೇ ಏರನ್ನು ಇಳಿದು ಹತ್ತಬೇಕು. ರಸ್ತೆಯಿಲ್ಲದ ಮನೆಗಳಿಂದ ರೋಗಿಯನ್ನು ಕುರ್ಚಿಗೋ ಕಂಬಳಿಯ ಜೋಲಿಗೋ ಹಾಕಿ ಹೊತ್ತು ತರುವ ಅನುಭವ ಅವರದು. ಚಾರಣಿಗರಿಗೆ ದಾರಿ ತೋರಿಸುವವರೂ ಹಲವೆಡೆ ಇದೇ ಊರುಗಳವರು. ಅವರಿಗೆ ಪ್ರಥಮ ಚಿಕಿತ್ಸೆ, ಲೋ ಶುಗರ್ ಗುರುತಿಸುವುದು, ಎದೆಯೊತ್ತಿ ಹೃದಯ ಚಾಲೂ ಮಾಡುವುದು ಇವುಗಳಲ್ಲಿ ತರಬೇತಿಯನ್ನೂ ಮಡಿಸುವ ಸ್ಟ್ರೆಚರನ್ನೂ ಕೊಟ್ಟರೆ ಲಾಭ ಎರಡೂ ಕಡೆಗೆ, ಮತ್ತು ಮೊದಲ ಲಾಭ ಅವರದೇ ಮನೆಯ ಹಿರಿಯರಿಗೆ. 2024ರ ಆರಂಭದಲ್ಲಿ ಕುಮಾರ ಪರ್ವತದ ಬುಡದಲ್ಲಿ ಜನ ಕಿಕ್ಕಿರಿದ ಬಳಿಕ ಅರಣ್ಯ ಇಲಾಖೆ ಚಾರಣಗಳಿಗೆ ಅಂತರ್ಜಾಲದ ಮುಂಗಡ ಕಾಯ್ದಿರಿಸುವಿಕೆ ಮತ್ತು ದಿನದ ಮಿತಿ ತಂದದ್ದು ಸರಿಯಾದ ಹೆಜ್ಜೆ. ಅದರ ಉದ್ದೇಶ ಜನಸಂದಣಿಯ ನಿಯಂತ್ರಣ. ಆ ಕಾಯ್ದಿರಿಸುವಿಕೆಯ ಚೀಟಿಯಲ್ಲೇ ದಾರಿಯ ಉದ್ದ, ಒಟ್ಟು ಏರು, ನೀರು ಸಿಗುವ ಜಾಗ, ನೆರಳಿಲ್ಲದ ಭಾಗ, ಮೊಬೈಲ್ ಸಂಕೇತ ಸಿಗುವ ಕೊನೆಯ ತಾಣ, ಹಿಂದಿರುಗಲು ಯೋಗ್ಯವಾದ ಎರಡು ಮೂರು ತಿರುವುಗಳು ಇಷ್ಟನ್ನು ಕನ್ನಡದಲ್ಲಿ ಮುದ್ರಿಸಿದರೆ ಕಾಯಿಲೆಯಿರುವ ಚಾರಣಿಗನಿಗೂ ಅವನ ವೈದ್ಯರಿಗೂ ಕುಳಿತು ಮಾತಾಡಲು ಒಂದು ಆಧಾರ ಸಿಗುತ್ತದೆ.

ಸಿದ್ಧತೆಗೆ ದೂರ ಹೋಗಬೇಕಾಗಿಲ್ಲ. ಶ್ರಮವನ್ನು ಅಳೆಯಲು ವೈದ್ಯರು ಬಳಸುವ ಮೆಟ್ ಎಂಬ ಮಾನದಲ್ಲಿ ಸುಮ್ಮನೆ ಕುಳಿತಿರುವುದಕ್ಕೆ 1 ಆದರೆ ಚೀಲ ಹೊತ್ತು ಬೆಟ್ಟ ಹತ್ತುವುದಕ್ಕೆ 7ರಷ್ಟು ಬೇಕು. 60 ಮೆಟ್ಟಿಲುಗಳನ್ನು ನಿಲ್ಲದೆ ಒಂದು ನಿಮಿಷದೊಳಗೆ ಹತ್ತಬಲ್ಲವರ ಹೃದಯಕ್ಕೆ ಸಾಕಷ್ಟು ಶಕ್ತಿಯಿರುತ್ತದೆಂದೂ, ಒಂದೂವರೆ ನಿಮಿಷಕ್ಕಿಂತ ಹೆಚ್ಚು ಬೇಕಾದವರು ವೈದ್ಯರನ್ನು ಕಾಣಬೇಕೆಂದೂ ಸ್ಪೇನಿನ ಹೃದ್ರೋಗ ತಜ್ಞರು 2020ರಲ್ಲಿ ಹೇಳಿದರು. ಹೃದಯದ ತೊಂದರೆ ಮೊದಲೇ ಗೊತ್ತಿರುವವರು ಈ ಪರೀಕ್ಷೆಯನ್ನು ತಾವಾಗಿ ಮಾಡದೆ ಆಸ್ಪತ್ರೆಯ ಟ್ರೆಡ್‌ಮಿಲ್ ಮೇಲೆ, ವೈದ್ಯರ ಕಣ್ಣೆದುರಿಗೇ ಮಾಡಬೇಕು. ಉಳಿದವರಿಗೆ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಗೊಮ್ಮಟನ ಬೆಟ್ಟವೇ ಕಾರ್ಕಳದಲ್ಲಿದೆ. ಬಂಡೆಯಲ್ಲಿ ಕಡಿದ ಅದರ ಮೆಟ್ಟಿಲುಗಳನ್ನು ಪಕ್ಕದವರೊಡನೆ ಮಾತಾಡುತ್ತ, ಮಾತು ತುಂಡಾಗದಂತೆ, ವಾರಕ್ಕೆ ಮೂರು ಸಲ ಎರಡು ತಿಂಗಳು ಹತ್ತಿಳಿದವರು ಮಳೆ ಹಿಂದೆ ಸರಿಯುವ ಅಕ್ಟೋಬರಿನ ಹೊತ್ತಿಗೆ ತಮ್ಮ ದೇಹವನ್ನು, ಮಾತ್ರೆಯ ಹೊತ್ತನ್ನು, ಸಕ್ಕರೆ ಇಳಿಯುವ ವೇಗವನ್ನು ತಾವೇ ಅರಿತಿರುತ್ತಾರೆ. ಮಾತ್ರೆಯ ಪ್ರಮಾಣ ಬದಲಿಸುವುದನ್ನು ಮಾತ್ರ ವೈದ್ಯರಿಗೇ ಬಿಡಬೇಕು.

ಬೇಡವೇ ಬೇಡ ಎನ್ನಬೇಕಾದವರೂ ಇದ್ದಾರೆ. ವಿಶ್ರಾಂತಿಯಲ್ಲೂ ಎದೆನೋವು ಬರುವವರು, ಇತ್ತೀಚೆಗೆ ಹೃದಯಾಘಾತವಾದವರು, ಹೃದಯದ ಕವಾಟ ತೀರ ಕಿರಿದಾದವರು, ಮಧುಮೇಹದಿಂದ ಕಣ್ಣಿನ ಹಿಂಪರದೆಯಲ್ಲಿ ಹೊಸ ರಕ್ತನಾಳ ಬೆಳೆದು ಚಿಕಿತ್ಸೆ ಪಡೆಯದವರು, ಕಾಲಿನಲ್ಲಿ ಹುಣ್ಣಿರುವವರು ಕಡಿದಾದ ಏರಿಗೆ ಹೋಗಬಾರದು. ಇವರಿಗೂ ಘಟ್ಟವನ್ನು ನಿರಾಕರಿಸಬೇಕಾಗಿಲ್ಲ. ಆಗುಂಬೆಯ ಸೂರ್ಯಾಸ್ತದ ತಾಣ ಬಸ್ ರಸ್ತೆಯ ಬದಿಯಲ್ಲೇ ಇದೆ. ಕೊಡಚಾದ್ರಿಗೆ ಮೇಲಿನ ಮೂಕಾಂಬಿಕಾ ಗುಡಿಯವರೆಗೆ ಜೀಪು ಹೋಗುತ್ತದೆ, ಅಲ್ಲಿಂದ ಸರ್ವಜ್ಞ ಪೀಠಕ್ಕೆ ಉಳಿಯುವುದು ಸಣ್ಣದಾದರೂ ಏರುನಡಿಗೆ. ಅದು ಆಗದವರು ಗುಡಿಯ ಬಳಿಯೇ ಕೂರಬಹುದು. ಆ ಜೀಪಿನ ದಾರಿ ಬಲು ಕುಲುಕಾಟದ್ದಾದ್ದರಿಂದ ಬೆನ್ನುನೋವಿನವರು ಮತ್ತು ಹೊಸದಾಗಿ ಶಸ್ತ್ರಚಿಕಿತ್ಸೆಯಾದವರು ಅದನ್ನೂ ವೈದ್ಯರಲ್ಲಿ ಕೇಳಿಕೊಂಡೇ ಹೊರಡಬೇಕು, ಮತ್ತು ಮಧ್ಯಾಹ್ನದ ಮಾತ್ರೆಯನ್ನು ಕೆಳಗೆ ಬಿಟ್ಟು ಬರದೆ ಕಿಸೆಯಲ್ಲೇ ಇಟ್ಟುಕೊಳ್ಳಬೇಕು.